ಮಂಡಿ ಹರಿಯೋ ತನಕ

ಮಾರ್ಚ್ ೨

ಬಣ್ಣದ ಮೇಷ್ಟ್ರೇ,

ಪಾರ್ಸೆಲ್ ಬಂತು. ಜೊತೆಗೆ ನನ್ನ ಮಾನ ಹೋಯ್ತು.

ಬೆಳಿಗ್ಗೆ ಗಡಿಬಿಡೀಲಿ ಜೀನ್ಸ್ ಏರಿಸ್ಕೊಂಡು ಲಾಂಡ್ರಿಗೆ ಹೋದೆ. ಲಾರಿಯಿಂದ ಮೂಟೆ ಇಳಿಸೋರಿಂದ ಹಿಡಿದು ಇಸ್ತ್ರಿ ಸಾಲಿನ ಕೊನೇ ಹೆಂಗಸಿನ ತನಕ ಎಲ್ರದ್ದೂ ನನ್ನ ಬೆನ್ನ ಹಿಂದೆ ಮುಸಿಮುಸಿ ನಗು. ನಾನು ಅವರ ಕೆಲಸ ನೋಡ್ಕೊಳ್ಳೋ ಮೇಲಿನೋಳು, ಬಾಯಿ ಬಿಟ್ಟು ಯಾರು ಹೇಳ್ತಾರೆ? ಕೊನೆಗೆ ಬಾಯ್ಲರ್ ನೋಡ್ಕೊಳ್ಳೋ ಮನುಷ್ಯ ಗಂಭೀರವಾಗಿ ಬಂದು, "ಅಮ್ಮಾ, ನೀವಿವತ್ತು ಎಲ್ಲೂ ಕೂತ್ಕೊಳ್ಳೋ ಹಾಗಿಲ್ಲ ಅನ್ಸುತ್ತೆ" ಅಂದ. ಕೈ ಹಾಕಿ ನೋಡಿದ್ರೆ ಹಿಂದಿನ ಜೇಬಿನ ಕೆಳಗೆ ಪಿನ್ನು ಚುಚ್ಚಿದ ಬಟ್ಟೆ ಚೂರು. ಅದರ ಮೇಲೆ ನಿಮ್ಮ ಮುತ್ತಿನಂಥ ಅಕ್ಷರದಲ್ಲಿ: "ಬಣ್ಣ ಹಸಿ ಇದೆ. ಒರಗಬೇಡಿ."

ಅರವತ್ತು ದಾಟಿದೋರು ಮಾಡೋ ಕೆಲಸವಾ ಇದು?

ನಮ್ಮ ಕರಾರು ನಿಮಗೆ ಮರೆತಿರಬೇಕು, ನೆನಪಿಸ್ತೀನಿ. ಫೋನಿನ ಆ ಜೀನ್ಸ್ ಹುಚ್ಚರ ಗುಂಪಿನಲ್ಲಿ ಹಳೇ ಬಟ್ಟೆ ವ್ಯಾಪಾರಿಯೊಬ್ಬ ಇದರ ಫೋಟೋ ಹಾಕಿದಾಗ ನಾವಿಬ್ರೂ ಒಂದೇ ಉಸಿರಿಗೆ "ನಂದು" ಅಂದ್ವಿ. ಎಷ್ಟೋ ವರ್ಷ ಯಾವುದೋ ಗೋದಾಮಲ್ಲಿ ಮಡಚಿ ಬಿದ್ದಿದ್ದ, ಯಾರ ಮೈಯೂ ಮುಟ್ಟದ, ಒಳ ಅಂಚಲ್ಲಿ ಹಳೇ ಮಗ್ಗದ ಗುರುತಿನ ಕೆಂಪು ಗೆರೆ ಇರೋ ಒಂದೇ ಒಂದು ಜೀನ್ಸ್. ಜಗಳಾಡಿ ಸುಸ್ತಾದ ಮೇಲೆ ಇಬ್ಬರ ಸೊಂಟದಳತೆ ಒಂದೇ ಅಂತ ಗೊತ್ತಾಯ್ತು. ಆರು ತಿಂಗಳು ನೀವು, ಆರು ತಿಂಗಳು ನಾನು. ನೀರು ತೋರಿಸಬಾರದು. ಉಜ್ಜಿ ಹಳೇದು ಮಾಡಬಾರದು. ಬದುಕಿ ಹಳೇದು ಮಾಡಬೇಕು. ಮತ್ತೆ ನೀವೇ ಹಟ ಹಿಡಿದು ಸೇರಿಸಿದ ಕೊನೇ ಮಾತು: ಮಂಡಿ ಹರಿದ ದಿನ ಅದು ಯಾರ ಮೈಮೇಲಿರುತ್ತೋ ಅವರು ಪಾರ್ಸೆಲ್ ಮಾಡದೆ ತಾವೇ ಹೋಗಿ ಕೊಡಬೇಕು.

ಕೀಟಲೆ ಮಾಡಬಹುದು ಅಂತ ಎಲ್ಲೂ ಇಲ್ಲ.

ಸಾಬೂನಮ್ಮ
(ನೀವಿಟ್ಟ ಹೆಸರೇ ಗತಿ. ಬೇರೆ ಹೆಸರಲ್ಲಿ ಸಹಿ ಹಾಕಿದ್ರೆ ನಿಮಗೆ ಗುರುತು ಹತ್ತಲ್ಲ.)


ಮಾರ್ಚ್ ೧೫

ಸಾಬೂನಮ್ಮನೋರ ಪಾದಕ್ಕೆ, ಅಂದ್ರೆ ಪ್ಯಾಂಟಿನ ತುದಿಗೆ,

ಹಸಿ ಬಣ್ಣದ ಅಪರಾಧಿಯ ನಮಸ್ಕಾರ. ಶಿಕ್ಷೆ ಕೊಡಿ, ಆದ್ರೆ ಅಕ್ಷರ ಚೆನ್ನಾಗಿತ್ತು ಅಂದ್ರಲ್ಲ, ಅಷ್ಟು ಸಾಕು. ಜೀವಮಾನ ಪೂರ್ತಿ ಊರಿನ ಅಂಗಡಿಗಳ ಹಣೆಬರಹ ಬರೆದೋನು ನಾನು. ಒಂದು ಸಲ ಹಿಂಬರಹ ಬರೆಯೋ ಆಸೆ ಆಯ್ತು.

ಗುಂಪಿನಲ್ಲಿ ನಿಮ್ಮ ಫೋಟೋ ನೋಡಿದೆ. ನಮ್ಮ ಜೀನ್ಸು, ಬಿಳೀ ಕೆಲಸದ ಕೋಟು, ಕಂದು ಬೂಟು, ಕೆಳಗೆ ಅಚ್ಚುಕಟ್ಟಾಗಿ ಎರಡು ಮಡಿಕೆ. ನನ್ನ ಕಾಲು ಉದ್ದ, ನಿಮ್ಮದು ಗಿಡ್ಡ. ನಾನು ಆರು ತಿಂಗಳು ಹಿಮ್ಮಡೀಲಿ ತುಳಿದು ತುಳಿದು ಬಿಡಿಸಿದ ಮಡಿಕೆಯನ್ನ ನೀವು ಒಂದೇ ಬೆಳಿಗ್ಗೆ ಮತ್ತೆ ಹಾಕ್ತೀರಿ. ಬೇಜಾರಿಲ್ಲ. ಇಬ್ರೂ ಒಂದೇ ಮನೇಲಿದ್ದು ಕಿಟಕಿ ತೆಗಿ, ಹಾಕು ಅಂತ ಜಗಳಾಡೋ ಹಾಗಿದೆ ಅದು.

ಎಂದಿನ ಹಾಗೆ ನಿಮ್ಮ ಕತ್ತಿಗೆ ಕತ್ತರಿ ಬಿದ್ದಿದೆ. ಬಟ್ಟೆ ನೋಡೋ ಜಾಗದಲ್ಲಿ ಮೂತಿ ಯಾಕೆ ಅಂತ ಗುಂಪಿನ ಪದ್ಧತಿ, ಗೊತ್ತು. ನಾನೂ ತಲೆ ಕಳಿಸಿಲ್ಲ. ಆದ್ರೂ ಯೋಚಿಸಿ: ಎರಡು ವರ್ಷದಿಂದ ಎರಡು ಮುಂಡಗಳು ಒಂದಕ್ಕೊಂದು ಕಾಗದ ಬರ್ಕೋತಿವೆ. ಯಾರಾದ್ರೂ ಕೇಳಿದ್ರೆ ಹೆದರ್ಕೋತಾರೆ.

ಮಂಡಿ ವಿಷಯಕ್ಕೆ ಬರ್ತೀನಿ. ಅಂಗಡಿ ಷಟರಿನ ಕೆಳಗಿನ ಸಾಲು ಬರೆಯೋಕೆ ದಿನಾ ನೆಲಕ್ಕೆ ಮಂಡಿ ಊರ್ತೀನಿ. ಸಿಮೆಂಟು, ಜಲ್ಲಿ, ಕಲ್ಲು, ಯಾವುದನ್ನೂ ಬಿಟ್ಟಿಲ್ಲ. ಹರಿ ಹರಿ ಅಂತ ಜಪ ಮಾಡ್ತೀನಿ. ಹರೀತಾನೇ ಇಲ್ಲ ನೋಡಿ. ನಲವತ್ತು ವರ್ಷ ಮೂಟೇಲಿ ಮಲಗಿದ್ದ ಬಟ್ಟೆಗೆ ಇಷ್ಟು ಜಂಬವಾ? ನಿಮ್ಮ ಕೈಲಿರೋವಾಗಲಾದ್ರೂ ಸ್ವಲ್ಪ ಒರಟಾಗಿ ನಡೆಸ್ಕೊಳ್ಳಿ. ಮೂಟೆ ಎತ್ತಿ. ನೆಲ ಒರೆಸಿ. ನನ್ನ ಮೇಲಿನ ಸಿಟ್ಟನ್ನ ಮಂಡಿ ಮೇಲೆ ತೀರಿಸ್ಕೊಳ್ಳಿ.

ನೀಲಿ ಅಲ್ಲಿ, ನಾನಿಲ್ಲಿ.

ಬಣ್ಣಗೇಡಿ ಮೇಷ್ಟ್ರು


ಆಗಸ್ಟ್ ೨೮

ಮೇಷ್ಟ್ರೇ,

ನಿಮ್ಮ ಸರದಿ ಬಂತು. ನಾಳೆ ಪಾರ್ಸೆಲ್ ಮಾಡ್ತೀನಿ. ಇವತ್ತು ಸಂಜೆ ಬಿಚ್ಚಿ ಕುರ್ಚಿ ಬೆನ್ನಿಗೆ ಹಾಕಿದ್ದೀನಿ. ಯಾರೋ ಎದ್ದು ನೀರು ಕುಡಿಯೋಕೆ ಹೋಗಿದ್ದಾರೆ, ಈಗ ಬರ್ತಾರೆ ಅನ್ನೋ ಹಾಗೆ ಕಾಣುತ್ತೆ.

ನಿಮಗೆ ಒಂದು ಮಾತು ಯಾವತ್ತೂ ಹೇಳಿಲ್ಲ. ಇಡೀ ದಿನ ಗುರುತು ಅಳಿಸೋದೇ ನನ್ನ ಕೆಲಸ. ಹೋಟೆಲ್ ಹಾಸಿಗೇಲಿ ಯಾರು ಮಲಗಿದ್ರು, ಆಸ್ಪತ್ರೆ ದಿಂಬಿನ ಮೇಲೆ ಯಾರು ಅತ್ರು, ಬೆಳಗಾಗೋದ್ರೊಳಗೆ ಒಂದೂ ತಿಳಿಯಬಾರದು. ಸಂಜೆ ಈ ತೊಳೆಯದ ಜೀನ್ಸ್ ಹಾಕ್ಕೊಂಡ್ರೆ ಜೀವಕ್ಕೆ ಸಮಾಧಾನ. ಬಲ ತೊಡೆ ಮೇಲೆ ನೀವು ಬ್ರಷ್ ಒರೆಸೋ ಜಾಗ ಇದೆಯಲ್ಲ, ಹಸಿರು, ಅದರ ಮೇಲೆ ಕೆಂಪು, ಅದರ ಮೇಲೆ ಮತ್ತೆ ಹಸಿರು, ಬಸ್ಸಲ್ಲಿ ಅಲ್ಲೇ ಕೈ ಇಟ್ಕೊಂಡು ಕೂರ್ತೀನಿ.

ನನ್ನ ಫೋಟೋ ತೆಗೆಯೋದು ಅಕ್ಕನ ಮಗಳು ಅಂತ ಗೊತ್ತಲ್ಲ. ಮೊನ್ನೆ ಹೇಳ್ತಾಳೆ, "ಚಿಕ್ಕಮ್ಮಾ, ಪಾಪ ಆ ಮುದುಕರಿಗೆ ಒಂದ್ಸಲ ನಿನ್ನ ತಲೆ ತೋರ್ಸು. ಇಲ್ದಿದ್ರೆ ನಾನೇ ಪಾಸ್‌ಪೋರ್ಟ್ ಸೈಜ್ ಕಳಿಸ್ತೀನಿ." ಕಳಿಸಿದ್ರೆ ನಿನ್ನ ಪಾಸ್‌ಪೋರ್ಟೇ ತೊಳೆಯೋಕೆ ಹಾಕ್ತೀನಿ ಅಂದೆ.

ಮಂಡಿ ಗಟ್ಟಿಯಾಗಿದೆ. ನಾನೇನು ಮಾಡ್ಲಿ, ಬಟ್ಟೆ ಅಂಥದ್ದು.

ಸಾಬೂನಮ್ಮ


ಸೆಪ್ಟೆಂಬರ್ ೧೦

ಸಾಬೂನಮ್ಮನೋರೇ,

ಬಂತು, ನಮ್ಮ ನೀಲಮ್ಮ ಬಂದ್ಲು! ಜೇಬಲ್ಲಿ ಬಸ್ ಟಿಕೆಟ್ ಬಿಟ್ಟಿದ್ದೀರಿ, ಕೊನೇ ಸ್ಟಾಪಿಂದ ವಾಪಸ್ ಬಂದದ್ದು. ಎರಡು ಸ್ಟಾಪ್ ಮೊದಲೇ ನಿಮ್ಮ ಮನೆ ಅಂತ ನೀವೇ ಬರೆದಿದ್ರಿ. ತೊಡೆ ಮೇಲೆ ಕೈ ಇಟ್ಕೊಂಡು ಇಳಿಯೋದೇ ಮರೆತ್ರಾ? ಕೇಳ್ತಿಲ್ಲ, ಸುಮ್ನೆ ಬರೀತಿದ್ದೀನಿ.

ಮಂಡಿ ನೋಡಿದೆ. ಹೊರಗಿಂದಲೂ ನೋಡಿದೆ, ಒಳಗೆ ಕೈ ಹಾಕಿಯೂ ನೋಡಿದೆ. ಒಳಗೆ ಏನು ಸಿಕ್ತು ಅಂತ ಹೇಳಲ್ಲ. ಮುದುಕನ ಹತ್ರ ಒಂದಾದ್ರೂ ಗುಟ್ಟು ಇರಲಿ.

ಸುದ್ದಿ ಕೇಳಿ. ಎಲ್ರೂ ಈಗ ಪ್ಲಾಸ್ಟಿಕ್ ಬೋರ್ಡು ಅಚ್ಚು ಹಾಕಿಸ್ತಾರೆ, ನನ್ನ ಬ್ರಷ್ಷಿಗೆ ಕೆಲಸ ಎಲ್ಲಿ? ಅಂಥದ್ರಲ್ಲಿ ಪೇಟೆ ಬೀದಿ ಔಷಧಿ ಅಂಗಡಿಯೋನು ಗೋಡೆ ತುಂಬ ಕೈಬರಹವೇ ಬೇಕು ಅಂದಿದ್ದಾನೆ. ಮೂರು ಮಹಡಿ ಎತ್ತರ! ನನ್ನ ತಮ್ಮ ಪಕ್ಕದ ಮನೆಯಿಂದ ಕೂಗ್ತಾನೆ, "ಅಣ್ಣಾ, ಈ ವಯಸ್ಸಲ್ಲಿ ಏಣಿ ಹತ್ತಬೇಡ." ನಾನಂದೆ, "ಹತ್ತೋ ವಯಸ್ಸಲ್ಲಿ ನಂಗೆ ಯಾರೂ ಏಣಿ ಕೊಡ್ಲಿಲ್ವಲ್ಲೋ." ನಮ್ಮ ಜೀನ್ಸ್ ಹಾಕ್ಕೊಂಡೇ ಹತ್ತೋದು. ಮೇಲಿಂದ ನಿಮ್ಮೂರು ಕಾಣುತ್ತಾ ನೋಡ್ತೀನಿ.

ಏಣಿ ಏರಿದ ಮೇಷ್ಟ್ರು


ಡಿಸೆಂಬರ್ ೫

ಮೇಷ್ಟ್ರೇ,

ಮೂರು ಕಾಗದ ಹಾಕಿದೆ. ಗುಂಪಿನಲ್ಲೂ ನಿಮ್ಮ ಫೋಟೋ ಇಲ್ಲ. ಎಲ್ರೂ ಚಳಿಗಾಲದ ಜಾಕೆಟ್ಟು, ಅಜ್ಜನ ಕಾಲದ ಮೇಲುಡುಪು ಅಂತ ಹಾಕ್ತಾನೇ ಇದ್ದಾರೆ. ನಾನು ದಿನಾ ಕೆಳಗೆ ಎಳೆದು ಎಳೆದು ನೋಡ್ತೀನಿ, ಬಣ್ಣ ಮೆತ್ತಿದ ಒಂದು ಕಾಲು ಕಾಣ್ಲಿಲ್ಲ. ಗೋಡೆ ಮುಗೀತಾ? ಎರಡು ಸಾಲು ಬರೆದ್ರೆ ಗಂಟೇನೂ ಹೋಗಲ್ಲ.

ಸಾಬೂನಮ್ಮ


ಡಿಸೆಂಬರ್ ೨೦

ಸಾಬೂನಮ್ಮನೋರೇ,

ಕೆಲಸ ತಲೆ ಮೇಲೆ ಕೂತಿದೆ. ಅದಕ್ಕೇ ಬರೀಲಿಲ್ಲ. ಗೋಡೆ ಚೆನ್ನಾಗಿ ಬಂತು ಅಂತ ಎಲ್ರೂ ಹೇಳ್ತಾರೆ. ನೀಲಮ್ಮನ ಫೋಟೋ ಕಳಿಸಿದ್ದೀನಿ, ನೋಡಿ. ಜೀನ್ಸ್ ಬಾಗಿಲ ಮೊಳೆಗೆ ನೇತು ಹಾಕಿ ತೆಗೆದದ್ದು. ನಾನು ಒಳಗಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಮೊದಲು ತಲೆ ಇರಲಿಲ್ಲ, ಈಗ ಮೈಯೂ ಇಲ್ಲ. ಹೀಗೇ ಕಮ್ಮಿ ಆಗ್ತಾ ಆಗ್ತಾ ಕೊನೆಗೆ ಬರೀ ಅಕ್ಷರ ಉಳಿಯುತ್ತೆ.

ಬೂಟು ಹುಷಾರು, ಚಳಿಗೆ ಚರ್ಮ ಬಿರಿಯುತ್ತೆ.

ಮೇಷ್ಟ್ರು


ಮಾರ್ಚ್ ೮

ಮೇಷ್ಟ್ರಿಗೆ,

ಪಾರ್ಸೆಲ್ ಬಂತು. ಹಿಂದಿನ ಜೇಬಿನ ಕೆಳಗೆ ಮೊದಲು ನೋಡಿದೆ. ಪಿನ್ನೂ ಇಲ್ಲ, ಚೀಟಿಯೂ ಇಲ್ಲ. ಅಲ್ಲೇ ಅನುಮಾನ ಬಂತು.

ಒಂದೊಂದಾಗಿ ಹೇಳ್ತೀನಿ, ಸುಳ್ಳಾದ್ರೆ ಸುಳ್ಳು ಅನ್ನಿ. ನಾನು ಕಳಿಸಿದಾಗ ಹಾಕಿದ್ದ ಎರಡು ಮಡಿಕೆ ಹಾಗೇ ಇದೆ. ನೀವು ಹಾಕಿದ್ರೆ ಅದು ಮೊದಲನೇ ದಿನವೇ ಬಿಚ್ಚಬೇಕಿತ್ತು. ಹಿಮ್ಮಡಿ ಹತ್ರ ಒಂದೆಳೆ ನೂಲು ಸವೆದಿಲ್ಲ. ಮಂಡಿ ಮೇಲೆ ಬೆಳ್ಳಗಾಗಿದೆ, ಆದ್ರೆ ಅದು ಮಂಡಿ ಊರಿ ಆದದ್ದಲ್ಲ. ಊರಿದ್ರೆ ಬಟ್ಟೆ ಉಬ್ಬಿ ಚೀಲದ ಹಾಗೆ ಆಗುತ್ತೆ. ಇದು ಸಪಾಟಾಗಿದೆ, ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದ್ದು. ತೊಡೆ ಮೇಲೆ ಹೊಸ ಹಳದಿ ಹನಿಗಳಿವೆ. ನಿಂತೋರ ಮೇಲೆ ಬಿದ್ದ ಬಣ್ಣ ಕೆಳಕ್ಕೆ ಜಾರುತ್ತೆ. ಇವು ಗುಂಡುಗುಂಡಗೆ ಕೂತಿವೆ. ಮೇಜಿನ ಮೇಲೆ ಹಾಸಿ ಹನಿಸಿದ್ದೀರಿ. ಕಲೆ ವಿಷಯದಲ್ಲಿ ನನಗೆ ಟೋಪಿ ಹಾಕ್ತೀರಾ?

ಆದ್ರೆ ಸೊಂಟದ ಕೆಳಗಿನ ಸುಕ್ಕು ಮಾತ್ರ ನಿಜ. ಯಾರೋ ಹಾಕಿದ್ದಾರೆ, ತಿಂಗಳುಗಟ್ಟಲೆ ಹಾಕಿದ್ದಾರೆ. ನನ್ನಷ್ಟೇ ಎತ್ತರದೋರು. ನನ್ನ ಮಡಿಕೆ ಅವರಿಗೂ ಸರಿಹೋಗಿದೆ.

ನಿಮ್ಮ ಮನೇಲಿ ಯಾರಿದ್ರೂ ನನಗೇನು? ಕೇಳೋ ಹಕ್ಕೂ ಇಲ್ಲ. ಆದ್ರೆ ಉಜ್ಜಿ ಸುಳ್ಳು ಹೇಳೋ ಬದಲು ಒಂದು ಸಾಲು ಬರೆದಿದ್ರೆ ಸಾಕಿತ್ತು. ಕರಾರಿಗೂ ಮರ್ಯಾದೆ ಇರ್ತಿತ್ತು, ನನಗೂ ಇರ್ತಿತ್ತು.


ಮಾರ್ಚ್ ೨೦

ಅಮ್ಮಾ,

ಹೌದು. ಬೇರೆ ಯಾರೋ ಹಾಕ್ಕೊಂಡ್ರು ಅಂತಾನೇ ಇಟ್ಕೊಳ್ಳಿ. ಹಳೇ ಮೇಷ್ಟ್ರು ಹಾಕ್ಲಿಲ್ಲ ಅನ್ನೋದಂತೂ ನಿಜ.

ಜೀನ್ಸ್ ಇನ್ಮೇಲೆ ನಿಮ್ಮದೇ. ವಾಪಸ್ ಕಳಿಸಬೇಡಿ. ಬೇಕಿದ್ರೆ ತೊಳೀರಿ.


ಜೂನ್ ೧೧

ಮೇಷ್ಟ್ರೇ,

ತೊಳೆಯೋಕೆ ತಗೊಂಡು ಹೋಗಿದ್ದೆ. ನಿಜವಾಗ್ಲೂ. ಮಾರ್ಚಿಂದ ಬೀರುವಿನ ತಳದಲ್ಲಿ ತುರುಕಿದ್ದನ್ನ ಮೊನ್ನೆ ಚೀಲಕ್ಕೆ ಹಾಕ್ಕೊಂಡು ಲಾಂಡ್ರಿಗೆ ನಡೆದೆ. ಬಿಸಿನೀರಿನ ದೊಡ್ಡ ಡ್ರಮ್ಮಿಗೆ ಹಾಕಿ ನಿಮ್ಮ ಹಸಿರು, ಕೆಂಪು, ಎಲ್ಲಾ ಒಂದೇ ಸಲಕ್ಕೆ ಬಿಡಿಸಿಬಿಡ್ತೀನಿ ಅಂತ ಹಟ. ಬಟ್ಟೆ ವಿಂಗಡಿಸೋ ಮೇಜಿನ ಮೇಲೆ ಒಗೆದೆ.

ಅಲ್ಲಿ ಆಗಲೇ ಆರೈಕೆ ಮನೆಯಿಂದ ಬಂದ ರಾಶಿ ಇತ್ತು. ನಡೆಯೋಕಾಗದೋರನ್ನ ನೋಡ್ಕೊಳ್ಳೋ ಮನೆ. ಅವರ ಪ್ಯಾಂಟುಗಳು ನನಗೆ ಹೊಸದಲ್ಲ, ಆದ್ರೂ ಯಾವತ್ತೂ ನಿಂತು ನೋಡಿರಲಿಲ್ಲ. ತುದಿ ಹೊಸದರ ಹಾಗೆ ಇರುತ್ತೆ. ಮಂಡಿ ಸವೆದಿರಲ್ಲ. ಸೊಂಟದ ಕೆಳಗೆ ಸುಕ್ಕು ಮಾತ್ರ ಗೀರಿದ ಹಾಗೆ ಆಳ. ಮತ್ತೆ ತೊಡೆಯ ಎರಡೂ ಪಕ್ಕದಲ್ಲಿ, ಕುರ್ಚಿಯ ಬದಿ ತಾಗೋ ಕಡೆ, ಉದ್ದಕ್ಕೆ ಒಂದು ಹೊಳಪು. ನಮ್ಮ ಜೀನ್ಸು ಅವುಗಳ ಪಕ್ಕದಲ್ಲೇ ಬಿದ್ದಿತ್ತು. ಹೊರಳಿಸಿ ನೋಡಿದೆ. ಎರಡೂ ಪಕ್ಕ ಹೊಳಪು.

ನಾನು ಅಲ್ಲೇ ಬಟ್ಟೆ ರಾಶಿ ಮೇಲೆ ಕೂತುಬಿಟ್ಟೆ. ಬಾಯ್ಲರ್ ಮನುಷ್ಯ ಬಂದು, "ಏನಮ್ಮಾ, ಬಣ್ಣ ಹಸಿ ಇದ್ಯಾ ಮತ್ತೆ?" ಅಂದ. ಪಾಪ, ನಗ್ಲಿ ಅಂತ ಹೇಳಿದ್ದು. ನಾನು ಅತ್ತದ್ದು ನೋಡಿ ಓಡಿಹೋದ.

ಬೇರೆ ಯಾರೂ ಹಾಕಿಲ್ಲ. ನೀವೇ ಹಾಕಿದ್ದೀರಿ. ಕೂತುಕೊಂಡು ಹಾಕಿದ್ದೀರಿ.

ಯಾವಾಗ ಬಿದ್ರಿ?

ನನ್ನದೂ ಒಂದಿದೆ, ಹೇಳ್ತೀನಿ. ಬಟ್ಟೆ ಅಂಥದ್ದು, ಹರಿಯಲ್ಲ ಅಂತ ಬರೀತಿದ್ನಲ್ಲ, ಸುಳ್ಳು. ಮೊದಲನೇ ವರ್ಷವೇ ಮಂಡಿ ಎಳೆ ಬಿಟ್ಟಿತ್ತು. ನನ್ನ ಸರದಿ ಬಂದಾಗೆಲ್ಲಾ ಒಳಗಿಂದ ಅದೇ ನೀಲಿ ನೂಲಲ್ಲಿ ಸಾಲು ಸಾಲಾಗಿ ಹೊಲೀತಿದ್ದೆ, ಹೊರಗೆ ಕಾಣದ ಹಾಗೆ. ನೀವು ಅಲ್ಲಿ ಜಲ್ಲಿ ಮೇಲೆ ಮಂಡಿ ಊರಿ ಹರಿ ಹರಿ ಅಂತಿದ್ರಿ. ನಾನಿಲ್ಲಿ ಸೂಜಿ ಹಿಡಿದು ಬೇಡ ಬೇಡ ಅಂತಿದ್ದೆ.

ನೋಡೋ ಆಸೆ ಇಲ್ಲ ಅಂತಲ್ಲ ಮೇಷ್ಟ್ರೇ. ಯಜಮಾನರ ಜೊತೆ ಎದುರುಬದುರು ಊಟದ ಮೇಜಿನಲ್ಲಿ ಎಷ್ಟೋ ವರ್ಷ ಕೂತೋಳು ನಾನು. ಉಪ್ಪು ಕೊಡು, ನೀರು ಕೊಡು ಬಿಟ್ರೆ ಕೊನೆಕೊನೆಗೆ ಮಾತಿರಲಿಲ್ಲ. ಅವರು ಹೋದ ಮೇಲೆ ಮನೆ ಮೊದಲಿಗಿಂತ ನಿಶ್ಶಬ್ದ ಅಂತಲೂ ಅನ್ನಿಸಲಿಲ್ಲ. ದೂರ ಇದ್ರೆ ಮಾತು ಉಳಿಯುತ್ತೆ, ಹತ್ರ ಬಂದ್ರೆ ತೀರಿಹೋಗುತ್ತೆ ಅಂತ ಒಂದು ಭಯ ಕೂತುಬಿಟ್ಟಿದೆ. ನಿಮ್ಮ ಮಾತು ತೀರಿಹೋಗೋದು ನನಗೆ ಬೇಡವಾಗಿತ್ತು.

ಜೀನ್ಸ್ ತೊಳೀಲಿಲ್ಲ. ಈಗ ಹಾಕ್ಕೊಂಡೇ ಬರೀತಿದ್ದೀನಿ. ಕೂತ್ರೆ ನಿಮ್ಮ ಸುಕ್ಕು ನನ್ನ ಸುಕ್ಕಿನ ಮೇಲೇ ಬೀಳುತ್ತೆ.

ಸಾಬೂನಮ್ಮ


ಜೂನ್ ೨೬

ಸಾಬೂನಮ್ಮನೋರೇ,

ಸಿಕ್ಕಿಬಿದ್ದೆ. ಬೀಳೋದು ಈಗ ಅಭ್ಯಾಸ ಆಗಿದೆ.

ಅಕ್ಟೋಬರ್ ಮೊದಲ ವಾರ. ಔಷಧಿ ಅಂಗಡಿ ಗೋಡೆಯ ಕೊನೇ ಅಕ್ಷರಕ್ಕೆ ಕೊಂಬು ಎಳೆಯೋದು ಬಾಕಿ ಇತ್ತು. ಸ್ವಲ್ಪ ಹಿಂದೆ ಸರಿದು ನೋಡೋಣ, ಅಂದ ಬಂದಿದ್ಯಾ ಅಂತ ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ. ನೆಲದ ಮೇಲೆ ಕೆಲಸ ಮಾಡೋನ ಅಭ್ಯಾಸ ಅದು. ಏಣಿ ಮೇಲಿದ್ದೀನಿ ಅನ್ನೋದು ಮರೆತಿತ್ತು. ಒಂದು ಪುಣ್ಯ, ಆವತ್ತು ಸೆಕೆ ಅಂತ ನಮ್ಮ ಜೀನ್ಸ್ ಹಾಕಿರಲಿಲ್ಲ. ಹಾಕಿದ್ರೆ ಆಸ್ಪತ್ರೆಯೋರು ಕತ್ತರೀಲಿ ಕತ್ತರಿಸಿ ಬಿಸಾಕ್ತಿದ್ರು. ಕಣ್ಣು ಬಿಟ್ಟಾಗ ಮೊದಲು ಬಂದ ಯೋಚನೆ ಅದೇ. ತಮ್ಮನ ಹೆಂಡತಿ ಅಳ್ತಿದ್ಲು. ನಾನು "ಪ್ಯಾಂಟ್ ಎಲ್ಲಿ, ಪ್ಯಾಂಟ್ ಎಲ್ಲಿ" ಅಂತಿದ್ದೆ. "ಭಾವ ಪೂರ್ತಿ ಹೋದ್ರು" ಅಂದ್ಕೊಂಡ್ಳಂತೆ.

ಮಂಡಿ ಹರಿದ ದಿನ ಭೇಟಿ ಅಂತ ಹಟ ಹಿಡಿದೆ. ನನ್ನದೇ ಮಂಡಿ ಮುರಿದು ಕೂತಿದೆ. ಕಾಲ ಕೂಡಿ ಬರಬೇಕು ಅಂತಾರಲ್ಲ, ಕಾಲ ಕೂಡಿ ಬಂತು. ಕಾಲು ಕೂಡಿ ಬರಲಿಲ್ಲ. ಡಾಕ್ಟರು ಎರಡು ಸಲ ನೋಡಿ ತಲೆಯಾಡಿಸಿದ್ರು. ಚಕ್ರದ ಕುರ್ಚಿ ಬಂದಿದೆ. ಉದ್ದ ಪ್ಯಾಂಟ್ ಚಕ್ರಕ್ಕೆ ಸಿಗುತ್ತೆ ಅಂತ ನಿಮ್ಮ ಮಡಿಕೆ ಬಿಡಿಸಲಿಲ್ಲ. ಅದೊಂದು ನೆಪ. ಅದರೊಳಗೆ ನಿಮ್ಮ ಲಾಂಡ್ರಿಯ ಬಿಳೀ ನೂಲಿನ ಜುಂಗು ಕೂತಿತ್ತು, ಚೆಲ್ಲೋಕೆ ಮನಸ್ಸು ಬರಲಿಲ್ಲ. ಈಗ ಮತ್ತೆ ನಿಮ್ಮ ಹತ್ರವೇ ಬಂದಿದೆ, ಹುಡುಕಿ ನೋಡಿ.

ಮಂಡಿ ಒಳಗಿನ ಹೊಲಿಗೆ ನನಗೆ ಸೆಪ್ಟೆಂಬರಲ್ಲೇ ಗೊತ್ತಿತ್ತು. ಬೆರಳಿಟ್ಟು ಓದಿದೆ. ಅಕ್ಷರ ಬರೆಯೋನಲ್ವಾ, ಸಾಲು ಕಂಡ್ರೆ ಓದಬೇಕು ಅನ್ಸುತ್ತೆ. "ಬರಬೇಡಿ" ಅಂತ ಓದಿದೆ. ಮುದುಕನಿಗೆ ಸ್ವಲ್ಪ ನೋವಾಯ್ತು, ಸುಳ್ಳು ಹೇಳಲ್ಲ. ಬಿದ್ದ ಮೇಲೆ ಅದೇ ಹೊಲಿಗೆ ಸವರಿ "ಸದ್ಯ, ಗಟ್ಟಿಯಾಗಿ ಹಾಕಿದ್ದಾಳೆ ಮಹಾತಾಯಿ" ಅಂದೆ.

ಯಾಕೆ ಅಂದ್ರೆ, ಯೋಚಿಸಿ. ನೀವು ಇಷ್ಟು ವರ್ಷ ನೋಡಿದ್ದು ಕತ್ತಿನಿಂದ ಕೆಳಗಿನ ನನ್ನ. ಊರೆಲ್ಲಾ ಸುತ್ತೋ ಕಾಲು, ಬಣ್ಣ ಮೆತ್ತಿದ ಬೂಟು. ಅಷ್ಟೂ ಈಗ ಕೆಲಸಕ್ಕೆ ಬರಲ್ಲ. ಉಳಿದಿರೋದು ನೀವು ಯಾವತ್ತೂ ನೋಡದ ತುಂಡು: ಬೋಳು ತಲೆ, ಮುಂದಿನ ಎರಡು ಹಲ್ಲಿನ ಖಾಲಿ ಜಾಗ. ನಿಮಗೆ ಗೊತ್ತಿರೋ ಮನುಷ್ಯ ಇಲ್ಲಿಲ್ಲ. ಬಂದು ಯಾರನ್ನ ನೋಡ್ತೀರಿ?

ಹೊಲಿಗೆ ಬಿಚ್ಚಬೇಡಿ. ಇನ್ನೂ ಎರಡು ಸಾಲು ಹಾಕಿ. ಕಾಗದ ಬರೀತಾ ಇರಿ. ಸಂಜೆ ಅಂಚೆಯೋನು ಬರೋ ಹೊತ್ತಿಗೆ ಬಾಗಿಲ ಹತ್ರ ಕುರ್ಚಿ ತಳ್ಕೊಂಡು ಕಾಯ್ತೀನಿ. ಬಗ್ಗಿ ಎತ್ತೋಕಾಗಲ್ಲ ಅಂತ ತಮ್ಮ ಬಾಗಿಲ ಮಧ್ಯದಲ್ಲೇ ಕಾಗದ ತೂರಿಸೋ ಸೀಳು ಮಾಡಿಸಿದ್ದಾನೆ. ಬಾಗಿಲಿಗೆ ಬೋರ್ಡೂ ಬರೆದಿದ್ದೀನಿ, ಕೂತು ಬರೆದ ಮೊದಲನೇ ಬೋರ್ಡು: "ಮನೇಲಿ ಯಾರೂ ಇಲ್ಲ. ನಾನೂ ಇಲ್ಲ."

ನಿಮ್ಮ
ಕುರ್ಚಿಗಂಟಿದ ಮೇಷ್ಟ್ರು (ಮಂತ್ರಿಗಳ ಹಾಗೆ)


ಜುಲೈ ೫

ಮೇಷ್ಟ್ರೇ,

ಇದಕ್ಕೆ ಸ್ಟಾಂಪ್ ಇಲ್ಲ, ಆಶ್ಚರ್ಯ ಪಡಬೇಡಿ.

ನಿಮ್ಮ ಕಾಗದ ಬಂದ ದಿನವೇ ಸಣ್ಣ ಕತ್ತರಿ ತಗೊಂಡು ಮಂಡಿ ಹೊಲಿಗೆ ಬಿಚ್ಚೋಕೆ ಕೂತೆ. ಅಷ್ಟು ಸಾಲು ಹಾಕಿದ್ದೀನಿ ಅಂತ ನನಗೇ ಗೊತ್ತಿರಲಿಲ್ಲ. ಅಕ್ಕನ ಮಗಳು ನೋಡ್ತಾ ನಿಂತಿದ್ಲು. "ಚಿಕ್ಕಮ್ಮಾ, ಹರಿದ್ರೆ ಹೋಗ್ತೀಯಾ?" ಅಂದ್ಲು. ಹರಿದ್ರೆ ನೋಡೋಣ ಅಂದೆ. ಮಾರನೇ ಬೆಳಿಗ್ಗೆ ಲಾಂಡ್ರಿ ಬಾಗಿಲಲ್ಲಿ ಬೂಟಿನ ದಾರ ಕಟ್ಟೋಕೆ ಒಂದು ಮಂಡಿ ಊರಿದೆ ಅಷ್ಟೇ. ಪರ್ ಅಂತು. ಎಲ್ರೂ ತಿರುಗಿ ನೋಡಿದ್ರು. ಬಾಯ್ಲರ್ ಮನುಷ್ಯ ಮುಖ ಆ ಕಡೆ ಮಾಡ್ಕೊಂಡ. ನನಗೆ ಮಾತ್ರ ನಗು ತಡೆಯೋಕಾಗಲಿಲ್ಲ, ಅಷ್ಟು ದೊಡ್ಡ ನಗು ನನ್ನೊಳಗಿದೆ ಅಂತಲೇ ಗೊತ್ತಿರಲಿಲ್ಲ.

ಕರಾರು ಅಂದ್ರೆ ಕರಾರು. ಹರಿದಾಗ ಯಾರ ಮೈಮೇಲಿತ್ತೋ ಅವರೇ ತಂದು ಕೊಡಬೇಕು. ನೀವೇ ಸೇರಿಸಿದ ಮಾತು.

ನಿಮ್ಮ ಮೆಟ್ಟಿಲ ಮೇಲೆ ಕೂತು, ಹರಿದ ಮಂಡಿ ಮೇಲೆ ಕಾಗದ ಇಟ್ಕೊಂಡು ಬರೀತಿದ್ದೀನಿ. ಮೆಟ್ಟಿಲ ಪಕ್ಕ ಹೊಸ ಹಲಗೆ ಹಾಕಿದ್ದಾರೆ, ಚಕ್ರದ ಗುರುತು ಬಾಗಿಲಿನ ಹತ್ರ ಮಾತ್ರ ಇದೆ. ಬೀದಿ ತನಕ ಬಂದಿಲ್ಲ. ಅದನ್ನ ಆಮೇಲೆ ಮಾತಾಡೋಣ. ಬೋರ್ಡು ಓದಿದೆ. ಸುಳ್ಳು ಬರೆದ್ರೂ ಅಕ್ಷರ ಚೆನ್ನಾಗಿದೆ. ಯಾರೂ ಇಲ್ಲದ ಮನೆಯೊಳಗಿಂದ ಯಾರೋ ಶಿಳ್ಳೆ ಹಾಕೋದು ಕೇಳಿಸ್ತಿದೆ.

ಯಾರನ್ನ ನೋಡ್ತೀರಿ ಅಂತ ಕೇಳಿದ್ರಲ್ಲ. ಇಷ್ಟು ವರ್ಷ ಫೋಟೋದಲ್ಲಿ ಬಿಟ್ಟುಹೋದ ತುಂಡನ್ನ ನೋಡೋಕೆ ಬಂದಿದ್ದೀನಿ. ನಾನೂ ಈ ಸಲ ತಲೆ ಬಿಟ್ಟು ಬಂದಿಲ್ಲ, ಜೊತೆಗೇ ತಂದಿದ್ದೀನಿ. ಕೂದಲು ಅರ್ಧ ಬಿಳಿ. ಭಯ ಇನ್ನೂ ಹೋಗಿಲ್ಲ. ಒಳಗೆ ಬಂದ ಮೇಲೆ ಮಾತು ತೀರಿದ್ರೆ ಸುಮ್ನೆ ಕೂರೋಣ. ಕೂರೋದು ನಿಮಗೆ ಅಭ್ಯಾಸ ಆಗಿದೆ, ನನಗೂ ಕಲಿಸಿ.

ಈಗ ಈ ಕಾಗದ ನಿಮ್ಮ ಸೀಳಿನೊಳಗೆ ತೂರಿಸ್ತೀನಿ. ಪೂರ್ತಿ ಬಿಡಲ್ಲ. ಒಂದು ತುದಿ ನಿಮ್ಮ ಕಡೆ ಬರುತ್ತೆ, ಇನ್ನೊಂದು ತುದಿ ಹೊರಗೆ ನನ್ನ ಕೈಲಿರುತ್ತೆ.

ಎಳೀರಿ.